ಜಿಮಖಾನಾದ ಮರಿಲಿಂಗಿ

ವಡಗೇರಾದ ಬಸ್ ನಿಲ್ದಾಣದ ಎದುರು ಮೀನು ಕರಿದು ಮಾರುವ ಮರಿಲಿಂಗಮ್ಮ ಸತ್ತು ಮೂವತ್ತು ವರ್ಷದ ಮೇಲಾಯಿತೆಂದು ಸುರಪುರದ ಒಂದು ಕಾಲೇಜು ನಂಬಿಕೊಂಡಿತ್ತು. ನಂಬಿಕೆಯೂ ಅಂತಿಂಥದ್ದಲ್ಲ. ಅಲ್ಲಿಯ ಜಿಮಖಾನಾದಲ್ಲಿ, ಅಂದರೆ ಆಟದ ಸಾಮಾನು ಇಡುವ ಹಳೆಯ ಕಲ್ಲುಕಟ್ಟಡದಲ್ಲಿ, ಅವಳ ಫೋಟೊ ಇತ್ತು. ಫೋಟೊಗೆ ಹಾರವಿತ್ತು, ವರ್ಷಕ್ಕೊಮ್ಮೆ ಊದಿನಕಡ್ಡಿಯೂ ಇತ್ತು. ಇತ್ತ ಮರಿಲಿಂಗಮ್ಮ ಬಾಣಲೆಯ ಮುಂದೆ ಬೆವರು ಒರೆಸಿಕೊಳ್ಳುತ್ತ, ಉಪ್ಪು ಹೆಚ್ಚಾಯಿತೆಂದು ತಕರಾರು ತೆಗೆಯುವ ಗಿರಾಕಿಗಳ ಬಾಯಿ ಮುಚ್ಚಿಸುತ್ತ, ಸೊಸೆಯ ಜೊತೆ ದಿನಕ್ಕೊಂದು ಜಗಳ ಮಾಡಿಕೊಂಡು ಗಟ್ಟಿಮುಟ್ಟಾಗಿ ಬದುಕಿದ್ದಳು. ನಮ್ಮ ಮಂದಿ ಸತ್ತವರಿಗೆ ಕೊಡುವ ಮರ್ಯಾದೆಯಲ್ಲಿ ಕಾಲುಭಾಗವನ್ನು ಬದುಕಿದ್ದವರಿಗೆ ಕೊಟ್ಟಿದ್ದರೂ ಅವಳ ಮಂಡಿನೋವಿಗೆ ಯಾರಾದರೂ ಒಂದು ಎಣ್ಣೆ ತಂದುಕೊಡುತ್ತಿದ್ದರು.

ತಾನು ಸತ್ತಿರುವ ಸುದ್ದಿ ಮರಿಲಿಂಗಮ್ಮನಿಗೆ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ಅವಳು ಸುಮ್ಮನಿದ್ದಳು.

ಒಂದು ಮಧ್ಯಾಹ್ನ ಟಂಟಂ ಆಟೊ ಓಡಿಸುವ ವಹಾಬ ಅವಳ ಅಂಗಡಿಯ ಬೆಂಚಿನ ಮೇಲೆ ಕೂತು ಒಂದು ಕೈಯಲ್ಲಿ ಮೀನು, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದುಕೊಂಡಿದ್ದ.

"ಅಕ್ಕಾ, ಇಲ್ಲಿ ನೋಡ್ರಿ. ಸುರಪುರದ ಕಾಲೇಜಿನಾಗ ಒಂದು ದೆವ್ವ ಐತಂತ. ಜಿಮಖಾನಾ ಕೆಡವಾಕ ಬಿಡವಲ್ದಂತ."

"ದೆವ್ವಕ್ಕ ಬ್ಯಾರೆ ಉದ್ಯೋಗ ಇಲ್ಲೇನು," ಎಂದಳು ಮರಿಲಿಂಗಮ್ಮ, ಮೀನು ತಿರುವಿ ಹಾಕುತ್ತ.

"ಹೆಣ್ಣ ದೆವ್ವ ಅಕ್ಕಾ. ಹೆಸರೂ ನಿಮ್ದೇ ಐತಿ."

ಅವಳ ಕೈಯ ಝಾರಾ ಎಣ್ಣೆಯಲ್ಲೇ ನಿಂತಿತು. ವಹಾಬ ಮೊಬೈಲನ್ನು ಅವಳ ಮುಖದ ಮುಂದೆ ಹಿಡಿದ. ಅದರಲ್ಲಿ ಹೊಟ್ಟೆ ಬಂದ, ಬಿಳಿ ಅಂಗಿಯ ಒಬ್ಬ ಮನುಷ್ಯ ಮಾತಾಡುತ್ತಿದ್ದ. ಅವನು ಸಂಗಣ್ಣ, ಈಗ ಹಳೆಯ ವಿದ್ಯಾರ್ಥಿಗಳ ಸಂಘದ ಅಧ್ಯಕ್ಷ. ಅವಳು ಕಾಲೇಜಿನಲ್ಲಿದ್ದಾಗ ಕಬಡ್ಡಿ ಆಡುತ್ತಿದ್ದ ಕಡ್ಡಿಯಂಥ ಹುಡುಗ. ಅವನ ಹಿಂದೆ ಗೋಡೆಯ ಮೇಲೆ, ಎರಡು ಜಡೆಯ, ಮೂಗು ಸ್ವಲ್ಪ ಮೇಲಕ್ಕೆತ್ತಿದ ಹುಡುಗಿಯೊಬ್ಬಳು ಹಾರದೊಳಗಿಂದ ಮರಿಲಿಂಗಮ್ಮನನ್ನು ನೋಡುತ್ತಿದ್ದಳು. ಫೋಟೊದ ಕೆಳಗೆ ಗೋಡೆ ತುಂಬ ಸುಣ್ಣದ ಅಂಗೈ ಗುರುತುಗಳು, ಒಂದರ ಮೇಲೊಂದು.

"ಬರೂ ರವಿವಾರ ನಮ್ಮ ಜಿಮಖಾನಾಕ್ಕ ಬೀಳ್ಕೊಡುಗಿ ಇಟ್ಕೊಂಡೀವಿ," ಎನ್ನುತ್ತಿದ್ದ ಸಂಗಣ್ಣ. "ಕೆಡವೂ ಮೇಸ್ತ್ರಿ ಈ ಫೋಟೊ ಮುಟ್ಟವಲ್ಲ. ಆಕಿ ಮನಿಯವರು ಬಂದು ಆಕೀನ ಕರ್ಕೊಂಡು ಹೋಗಲಿ, ಆಮ್ಯಾಲ ಕೈ ಹಚ್ಚತೀನಿ ಅಂತಾನ. ಸೋಮವಾರ ಬ್ಯಾರೆಯವರು ಜೆಸಿಬಿ ತರ್ತಾರ. ಅವರು ಯಾರ ಮಾತೂ ಕೇಳೂದಿಲ್ಲ. ಮರಿಲಿಂಗಮ್ಮನ ಕಡಿಯವರು ಎಲ್ಲೇ ಇದ್ರೂ ದಯಮಾಡಿ ಬರ್ರಿ."

"ಮೀನು ಹೊತ್ತಾಕತ್ತೈತಿ ಅಕ್ಕಾ," ಎಂದ ವಹಾಬ.

ಹೊತ್ತಿದ ಮೀನನ್ನು ಅವಳು ತೆಗೆದು ಬದಿಗಿಟ್ಟಳು. ಫೋಟೊದ ಹುಡುಗಿಯ ಚಿಂತೆ ಅವಳಿಗಿರಲಿಲ್ಲ, ಆ ಹುಡುಗಿ ಹೇಗೂ ಇಲ್ಲೇ ಬಾಣಲೆಯ ಮುಂದೆ ನಿಂತಿದ್ದಳು. ಅವಳು ಹೆದರಿದ್ದು ಇನ್ನೊಬ್ಬಳಿಗಾಗಿ. ಸಣ್ಣಾಕಿ ಅಲ್ಲೇ ಒಳಗಿದ್ದಾಳೆ, ಸೋಮವಾರ ಗೋಡೆ ಬೀಳುತ್ತದೆ ಎಂಬುದೊಂದೇ ಅವಳ ತಲೆಯಲ್ಲಿ ಸುತ್ತತೊಡಗಿತು.

ಆ ಸಣ್ಣಾಕಿಯ ಕಥೆ ಹೇಳದಿದ್ದರೆ ಮರಿಲಿಂಗಮ್ಮನ ಬಾಳು ಅರ್ಥವಾಗುವುದಿಲ್ಲ. ಅವಳು ಹುಟ್ಟಿದ್ದು ಕೃಷ್ಣೆಯ ನಡುವೆ ನೀರು ಸುತ್ತುವರಿದ ಒಂದು ಗಡ್ಡೆಯಲ್ಲಿ. ಸಂತೆಗೆ ಹೋಗಬೇಕಾದರೂ ಹರಿಗೋಲು, ಸೂಲಗಿತ್ತಿ ಬರಬೇಕಾದರೂ ಹರಿಗೋಲು. ಮನೆಯ ಮೊದಲ ಹೆಣ್ಣುಮಗುವಿಗೆ ಅಜ್ಜಿಯ ಹೆಸರಿಡಬೇಕೆಂಬುದು ಅವರ ಮನೆತನದ ಪದ್ಧತಿ. ಅವಳ ಅಪ್ಪ ಮಾನಪ್ಪನೂ ಬಿಡಲಿಲ್ಲ, ಅಪ್ಪನ ತಮ್ಮ ಅಂಬ್ರಪ್ಪನೂ ಬಿಡಲಿಲ್ಲ. ಹೀಗಾಗಿ ಒಂದೇ ಅಂಗಳದಲ್ಲಿ ಇಬ್ಬರು ಮರಿಲಿಂಗಿಯರು ಬೆಳೆದರು. ಮಾನಪ್ಪನ ಮಗಳು ದೊಡ್ಡಾಕಿ, ಅವಳಿಗಿಂತ ಏಳೆಂಟು ವರ್ಷಕ್ಕೆ ಚಿಕ್ಕವಳಾದ ಅಂಬ್ರಪ್ಪನ ಮಗಳು ಸಣ್ಣಾಕಿ. ಗಡ್ಡೆಯಲ್ಲಿ ಯಾರಿಗೂ ಇದರಿಂದ ಗೊಂದಲವಿರಲಿಲ್ಲ. ಹೊಳೆ ದಾಟಿದ ಮೇಲಿನ ಜಗತ್ತಿಗೆ ಮಾತ್ರ ಮರಿಲಿಂಗಿ ಎಂದರೆ ಒಬ್ಬಳೇ, ಸುರಪುರದ ಹಾಸ್ಟೆಲಿನಲ್ಲಿದ್ದು ಬಿ.ಎ. ಓದುತ್ತ ಖೋಖೋ ಆಡುವವಳು.

ಆಡುತ್ತಿದ್ದಳು ಎಂದರೆ ಸುಮ್ಮನೆ ಆಡುತ್ತಿರಲಿಲ್ಲ. ಎಡಗೈಯಲ್ಲಿ ಒಂದು ಜಡೆಯ ತುದಿ ಹಿಡಿದುಕೊಂಡು ಓಡಿದರೆ ಅವಳನ್ನು ಮುಟ್ಟುವವರಿರಲಿಲ್ಲ. ತಂಡದ ನಾಯಕಿಯಾಗಿದ್ದ ಶಹಾಪುರದ ಭುವನೇಶ್ವರಿ ಅವಳ ಜೀವದ ಗೆಳತಿ. ಕಿರಾಣಿ ಅಂಗಡಿಯವರ ಮಗಳು, ಮನೆಯಲ್ಲಿ ಮೀನಿನ ವಾಸನೆ ಸೇರದವಳು, ಆದರೂ ಮರಿಲಿಂಗಿಯ ಮಗ್ಗುಲಲ್ಲೇ ಮಲಗಬೇಕು. ಆಟ ಮುಗಿದ ಮೇಲೆ ಇಬ್ಬರೂ ಜಿಮಖಾನಾದ ತಣ್ಣನೆಯ ಶಹಾಬಾದ ಕಲ್ಲಿನ ಮೇಲೆ ಕಾಲು ಚಾಚಿ, ಮೈದಾನಕ್ಕೆ ಗೆರೆ ಹಾಕುವ ಸುಣ್ಣದ ಚೀಲಕ್ಕೆ ಒರಗಿ, ಸಂಜೆಯತನಕ ಹರಟುತ್ತಿದ್ದರು.

ರಜೆಗೆ ಊರಿಗೆ ಹೋದಾಗ ಸಣ್ಣಾಕಿ ಇದೆಲ್ಲವನ್ನೂ ಬಿಡಿಸಿ ಬಿಡಿಸಿ ಕೇಳುತ್ತಿದ್ದಳು. ಅವಳಿಗೆ ಶಾಲೆ ಇರಲಿಲ್ಲ, ಆಡು ಕಾಯುವುದಿತ್ತು. ಉಸುಕಿನ ಮೇಲೆ ಗೆರೆ ಎಳೆದು ದೊಡ್ಡಾಕಿ ಅವಳಿಗೆ ಖೋಖೋ ಕಲಿಸಿದಳು. ಕೂತವರ ಬೆನ್ನು ಮುಟ್ಟಿ ಖೋ ಅನ್ನಬೇಕು, ಅಂದವರು ಅವರ ಜಾಗದಲ್ಲಿ ಕೂಡಬೇಕು, ಖೋ ಸಿಕ್ಕವರು ಎದ್ದು ಓಡಲೇಬೇಕು.

"ಜಿಮಖಾನಾ ಅಂದ್ರ ಹ್ಯಾಂಗಿರ್ತೈತಬೇ ಅಕ್ಕಾ?"

"ಒಳಗ ಥಂಡಗಿರ್ತೈತಿ. ಮಾತಾಡಿದ್ರ ಗೋಡಿ ತಿರುಗಿ ಮಾತಾಡತೈತಿ."

"ನನ್ನ ಒಮ್ಮಿ ಕರ್ಕೊಂಡು ಹೋಗು."

"ಬರೂ ಸಲ," ಎನ್ನುತ್ತಿದ್ದಳು ದೊಡ್ಡಾಕಿ.

ಆ ಬರೂ ಸಲ ಬರಲೇ ಇಲ್ಲ. ಎರಡನೆಯ ವರ್ಷದ ದೀಪಾವಳಿಗೆ ಮನೆಗೆ ಹೋದವಳಿಗೆ ವಡಗೇರಾದ ಮೀನುಗಾರ ತಿರುಪತಿಯೊಂದಿಗೆ ಮದುವೆ ಗೊತ್ತಾಗಿತ್ತು. ಗುಲಬರ್ಗಾದಲ್ಲಿ ಪಂದ್ಯವಿದೆ, ಮುಗಿಸಿ ಬರುತ್ತೇನೆ ಎಂದು ಅವಳು ಅಪ್ಪನ ಕಾಲು ಹಿಡಿದಳು. ಅಪ್ಪ ಕೆಟ್ಟವನಲ್ಲ. ಆದರೆ ಹೆಣ್ಣುಮಕ್ಕಳ ಓಟಕ್ಕೂ ಬಾಳಿಗೂ ಏನು ಸಂಬಂಧ ಎಂಬುದು ಅವನ ತಲೆಗೆ ಹೊಳೆಯುವಂಥದ್ದಾಗಿರಲಿಲ್ಲ. ಭುವನೇಶ್ವರಿಗೆ ಒಂದು ಮಾತು ಹೇಳಲಿಕ್ಕೂ ಪುರಸೊತ್ತು ಸಿಗದೆ ಮರಿಲಿಂಗಿ ವಡಗೇರಾ ಸೇರಿದಳು.

ಹೊಸ ಮದುಮಗಳಿಗೆ ತವರಿನಿಂದ ಬುತ್ತಿ ಕಳಿಸಬೇಕು. ನಾನೂ ಹೋಗುತ್ತೇನೆ, ಅಕ್ಕನನ್ನು ನೋಡಬೇಕು ಎಂದು ಸಣ್ಣಾಕಿ ಅತ್ತು ಹರಿಗೋಲು ಹತ್ತಿದಳು. ಆ ವರ್ಷ ಹಿಂಗಾರಿ ಮಳೆ ಹೆಚ್ಚಾಗಿ ಹೊಳೆ ದಡ ತುಂಬಿ ಹರಿಯುತ್ತಿತ್ತು. ನಡುನೀರಿನಲ್ಲಿ ಹರಿಗೋಲು ಮಗುಚಿತು. ಉಳಿದವರು ಈಜಿ ದಡ ಸೇರಿದರು. ರೊಟ್ಟಿಯ ಗಂಟು ಮಾರನೆಯ ದಿನ ಸಿಕ್ಕಿತು. ಸಣ್ಣಾಕಿ ಸಿಗಲೇ ಇಲ್ಲ.

ಗಡ್ಡೆಯ ಮರಿಲಿಂಗಿ ಹೊಳೆಯ ಪಾಲಾದಳು ಎಂಬ ಸುದ್ದಿಯನ್ನು ಬಸ್ಸಿನವರು ಸುರಪುರಕ್ಕೆ ಮುಟ್ಟಿಸಿದರು. ಹೊಳೆಯಾಚೆ ಮರಿಲಿಂಗಿ ಎಂದರೆ ಒಬ್ಬಳೇ ಅಲ್ಲವೇ. ಕಾಲೇಜಿಗೆ ರಜೆ ಕೊಟ್ಟರು. ಜಿಮಖಾನಾದ ಮುಂದೆ ಹುಡುಗ ಹುಡುಗಿಯರೆಲ್ಲ ಸಾಲಾಗಿ ನಿಂತರು. ಭುವನೇಶ್ವರಿ ಮಾತಾಡಲಿಕ್ಕೆಂದು ಎದ್ದವಳು ಬರೀ ಮರಿಲಿಂಗಿ, ಮರಿಲಿಂಗಿ ಎಂದು ಕೂಗಿ ಕುಸಿದಳು. ಅವಳ ಹಿಂದೆಯೇ ನೆರೆದವರೆಲ್ಲ ಅದೇ ಹೆಸರು ಕೂಗಿದರು. ತಂಡದ ಫೋಟೊದಲ್ಲಿದ್ದ ಅವಳ ಮುಖವನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕಿದರು.

ಮಗಳ ಟಿ.ಸಿ. ತರಲು ಮಾನಪ್ಪ ಕಾಲೇಜಿಗೆ ಹೋದಾಗ ಗುಮಾಸ್ತ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಹೆಗಲ ಮೇಲೆ ಕೈಯಿಟ್ಟು ಕಣ್ಣೀರು ಹಾಕಿದನಂತೆ. ಬಳಿಕ ಮಾನಪ್ಪ ವಡಗೇರಾಕ್ಕೆ ಬಂದು ಮಗಳ ಮುಂದೆ ತಲೆ ತಗ್ಗಿಸಿ ಕೂತ.

"ಎಲ್ಲಾರೂ ಅಳಾಕತ್ತಿದ್ರಬೇ. ನಮ್ಮ ಮನ್ಯಾಗೂ ಕೂಸು ಹೋಗೇತಿ ನೋಡು, ನನಗೂ ಅಳು ಬಂತು. 'ಅಲ್ರಿ, ಸತ್ತಾಕಿ ಬ್ಯಾರೆ' ಅನ್ನಾಕ ಬಾಯೇ ಬರಲಿಲ್ಲ."

ನಾನೇ ಹೋಗಿ ಹೇಳುತ್ತೇನೆ ಎಂದು ಮರಿಲಿಂಗಿ ಅಂದೇ ಎದ್ದಳು. ಅವಳನ್ನು ತಡೆದದ್ದು ಅಜ್ಜಿಯ ಮಾತು. ಹೊಳೆಯಲ್ಲಿ ಹೋದವರ ಹೆಣ ಸಿಗದಿದ್ದರೆ ಅವರ ಮನೆಯವರು ದಡದಲ್ಲಿ ನಿಂತು ಹೆಸರು ಕೂಗಿ, ಮನೆಗೆ ಬಾ ಎಂದು ಕರೆದು, ತಿರುಗಿ ನೋಡದೆ ನಡೆಯಬೇಕು. ತಿರುಗಿದರೆ ಬಂದವರು ಹಿಂದಕ್ಕೆ ಹೋಗುತ್ತಾರೆ. ಸಣ್ಣಾಕಿಯನ್ನೂ ಹಾಗೆಯೇ ಕರೆದಿದ್ದರು. ಆದರೆ ಅವಳಿಗೆಂದು ಇಟ್ಟ ಅನ್ನವನ್ನು ಕಾಗೆ ಮುಟ್ಟಲಿಲ್ಲ. ಅದೇ ಹೊತ್ತಿಗೆ ಸುರಪುರದಲ್ಲಿ ಸಾವಿರ ಮಂದಿ ಅದೇ ಹೆಸರು ಕರೆದಿದ್ದರೆಂದು ಮಾನಪ್ಪ ಹೇಳಿದ ಮೇಲೆ ಅಜ್ಜಿಗೆ ಎಲ್ಲ ತಿಳಿಯಿತು.

"ಕೂಸು ಅಲ್ಲಿಗಿ ಹೋಗೇತಿ," ಎಂದಿದ್ದಳು ಮುದುಕಿ. "ನಮ್ಮ ನಾಕ ಮಂದಿ ದನಿ ಆಕೀಗಿ ಕೇಳಲಿಲ್ಲ. ಅಷ್ಟು ಮಂದಿ ಕರದ್ರ ಯಾರರ ಹೋಗತಾರ."

ಇದನ್ನು ಕೇಳಿ ನೀವು ನಗಬಹುದು. ಮರಿಲಿಂಗಿ ನಗಲಿಲ್ಲ. ಸಣ್ಣಾಕಿ ಒಮ್ಮೆಯಾದರೂ ನೋಡಬೇಕೆಂದು ಹಂಬಲಿಸಿದ ಜಾಗ ಅದೊಂದೇ. ಈಗ ಹೋಗಿ ಸೇರಿದ್ದಾಳೆ, ಆಡಲಿ ಬಿಡು. ತಾನು ಹೋಗಿ ಬದುಕಿದ್ದೇನೆಂದು ನಿಂತರೆ ಫೋಟೊ ಇಳಿಸುತ್ತಾರೆ, ಹೆಸರು ಮರೆಯುತ್ತಾರೆ, ಗಡ್ಡೆಯ ಆಡು ಕಾಯುವ ಹುಡುಗಿಗಾಗಿ ಅಲ್ಲಿ ಯಾರೂ ಒಂದು ಹನಿ ಕಣ್ಣೀರು ಹಾಕುವುದಿಲ್ಲ. ಹೀಗೆಂದುಕೊಂಡು ಅವಳು ಸುಮ್ಮನಾದಳು. ಮಕ್ಕಳಾದವು, ಅಂಗಡಿಯಾಯಿತು, ಮಂಡಿನೋವು ಬಂತು. ಭುವನೇಶ್ವರಿ ಭೀಮರಾಯನಗುಡಿಯ ಹೈಸ್ಕೂಲಿಗೆ ಹೆಡ್ ಟೀಚರ್ ಆಗಿದ್ದಾಳೆಂದು ಯಾರೋ ಹೇಳಿದ ಮೇಲೆ, ಬಸ್ಸು ಭೀಮರಾಯನಗುಡಿ ದಾಟುವಾಗಲೆಲ್ಲ ಸೆರಗನ್ನು ಮುಖದ ಮೇಲೆ ಎಳೆದುಕೊಳ್ಳುವುದು ರೂಢಿಯಾಯಿತು.

ಒಮ್ಮೆ ಮಾತ್ರ ಅವಳು ಸೋಲುವುದರಲ್ಲಿದ್ದಳು. ಯಾದಗಿರಿಯಲ್ಲಿ ಪಂದ್ಯ ಗೆದ್ದ ಹುಡುಗಿಯರ ತಂಡವೊಂದು ವಡಗೇರಾದಲ್ಲಿ ಬಸ್ಸು ಕೆಟ್ಟು ಅವಳ ಅಂಗಡಿಗೆ ಬಂದಿತ್ತು. ಸುರಪುರದ ಕಾಲೇಜಿನವರು. ಹೇಗೆ ಗೆದ್ದಿರಿ ಎಂದು ಕೇಳಿದರೆ, ಪಂದ್ಯಕ್ಕೆ ಹೊರಡುವ ಮೊದಲು ಸುಣ್ಣದಲ್ಲಿ ಕೈ ಅದ್ದಿ ಫೋಟೊದ ಕೆಳಗೆ ಒತ್ತುತ್ತೇವೆ, ನೀನೂ ಬಾ ಮರಿಲಿಂಗಕ್ಕಾ ಅನ್ನುತ್ತೇವೆ, ಅಕ್ಕ ನಮ್ಮ ಜೊತೆಗೇ ಓಡುತ್ತಾಳೆ ಎಂದರು. ಮರಿಲಿಂಗಮ್ಮ ಅವರ ತಟ್ಟೆಗಳಿಗೆ ಮತ್ತೊಂದೊಂದು ತುಂಡು ಹಾಕಿ, ಹೊಗೆ ಬಡಿಯಿತೆಂಬ ನೆವದಲ್ಲಿ ಕಣ್ಣೊರೆಸಿಕೊಂಡು ಹಿಂದಕ್ಕೆ ಹೋದಳು. ಹುಡುಗಿಯರು ಹೋದ ಮೇಲೆ ನೋಡಿದರೆ ಬೆಂಚಿನ ಮೇಲೆ ಸುಣ್ಣದ ಕೈಗುರುತೊಂದಿತ್ತು. ಬೆಳೆದ ಹುಡುಗಿಯರ ಕೈಯಲ್ಲ, ತೀರ ಪುಟ್ಟದು. ಅವಳು ಅದನ್ನು ಒರೆಸಲಿಲ್ಲ.

ಈಗ ವಿಡಿಯೊ ನೋಡಿದ ಸಂಜೆ, ಬಲೆ ಹೊಲಿಯುತ್ತ ಕೂತಿದ್ದ ಗಂಡನ ಮುಂದೆ ಅವಳು ಎಲ್ಲವನ್ನೂ ಇಟ್ಟಳು. ತಿರುಪತಿ ಮಾತು ಕಡಿಮೆಯ ಮನುಷ್ಯ. ದಾರ ಕಚ್ಚಿ ಹರಿದು, ಹೆಂಡತಿಯ ಮುಖ ನೋಡಿದ.

"ಗೋಡಿ ಬಿದ್ದ ಮ್ಯಾಲ ಕೂಸು ಎಲ್ಲಿಗಿ ಹೋಗಬೇಕು? ಹೋಗಿ ಕರ್ಕೊಂಡು ಬಾ."

"ಅಲ್ಲಿ ಯಾರರ ನನ್ನ ಗುರ್ತು ಹಿಡದ್ರ?"

"ಹಿಡದ್ರ ಹಿಡೀಲಿ. ನೀ ಮಾತ್ರ ತಿರುಗಿ ನೋಡಬ್ಯಾಡ."

ರವಿವಾರ ಅವಳು ಸುರಪುರದ ಬಸ್ ನಿಲ್ದಾಣದಲ್ಲಿ ಇಳಿದು, ಗುಡ್ಡದ ಬಂಡೆಗಳ ಕೆಳಗಿನ ದಾರಿ ಹಿಡಿದು ಕಾಲೇಜಿಗೆ ನಡೆದಳು. ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಮಂಡಕ್ಕಿ ಸೂಸಲಾ, ಮಿರ್ಚಿ ಭಜಿಯ ವಾಸನೆ ಗಮ್ಮೆನ್ನುತ್ತಿತ್ತು. ಜಿಮಖಾನಾ ಮಾತ್ರ ಅವಳು ಬಿಟ್ಟುಹೋದಂತೆಯೇ ನಿಂತಿತ್ತು, ಬಾಗಿಲು ತೆರೆದು, ಒಳಗೆಲ್ಲ ಕತ್ತಲೆ.

ಅವಳು ಸೆರಗು ಹೊದ್ದು ಹಿಂದಿನ ಸಾಲಿನಲ್ಲಿ ಕೂತಳು. ಮೈಕಿನ ಮುಂದೆ ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಜಿಮಖಾನಾದ ನೆನಪು ಹೇಳುತ್ತಿದ್ದರು. ನೆನಪೆಂದರೆ ಹೆಚ್ಚಿನದು ದೆವ್ವದ್ದೇ. ಒಬ್ಬ ಗುತ್ತಿಗೆದಾರ ತಾನು ಒಳಗೆ ಬೀಡಿ ಸೇದುವಾಗ ಕಪಾಳಕ್ಕೆ ಬಿದ್ದ ಏಟಿನ ಕಥೆ ಹೇಳಿದ. ಒಬ್ಬ ಪೊಲೀಸಿನವನು ಬೆಳಿಗ್ಗೆ ಕಲ್ಲಿನ ಮೇಲೆ ಸುಣ್ಣದ ಬರಿಗಾಲಿನ ಹೆಜ್ಜೆ ಕಂಡದ್ದನ್ನು ಹೇಳಿ, ಹೆಜ್ಜೆಯ ಉದ್ದವನ್ನು ಎರಡೂ ಕೈ ಚಾಚಿ ತೋರಿಸಿದ. ಪ್ರತಿಯೊಬ್ಬರ ಬಾಯಲ್ಲೂ ಮರಿಲಿಂಗಿ ಒಂದೊಂದು ಗೇಣು ಎತ್ತರವಾಗುತ್ತ ಹೋದಳು. ನಿಜವಾದ ಮರಿಲಿಂಗಿ ಐದಡಿಯೂ ಇರಲಿಲ್ಲ. ಮಂದಿ ನಗುತ್ತಿದ್ದರು, ಅವಳಿಗೂ ಸೆರಗಿನೊಳಗೆ ನಗು ಬಂತು.

ಆಮೇಲೆ ಯಾದಗಿರಿಯಲ್ಲಿ ನರ್ಸ್ ಆಗಿರುವ ಅಲ್ಮಾಸ ಎಂಬವಳು ಕೂತಲ್ಲೇ ಎದ್ದು ನಿಂತಳು. ಅವಳು ನಗಲಿಲ್ಲ.

"ನಾ ಹಾಸ್ಟೆಲಿನಾಗ ಇದ್ದಾಗ ಅಬ್ಬಾ ತೀರ್ಕೊಂಡ್ರು. ಓದು ಸಾಕು ಅಂತ ಗಂಟು ಕಟ್ಟಿ, ಈ ಜಿಮಖಾನಾದಾಗ ಕುಂತು ಅಳಾಕತ್ತಿದ್ದೆ. ಬೆನ್ನ ಮ್ಯಾಲ ಯಾರೋ ಮೆತ್ತಗ ಬಡದಂಗಾತು. 'ಖೋ' ಅಂತ ಕೇಳಿಸ್ತು. ಸಣ್ಣ ಹುಡುಗಿ ದನಿ, ನಗೂವಂಥಾ ದನಿ. ತಿರುಗಿದ್ರ ಯಾರೂ ಇಲ್ಲ. ಖೋ ಸಿಕ್ಕ ಮ್ಯಾಲ ಏಳಲೇಬೇಕಲ್ರಿ. ಎದ್ದೆ, ಪರೀಕ್ಷಾ ಬರದೆ."

ಮುಂದಿನ ಸಾಲಿನಿಂದ ಬೂದು ಕೂದಲಿನ, ಕನ್ನಡಕದ ಹೆಂಗಸೊಬ್ಬಳು ತಿರುಗಿದಳು. "ಸಣ್ಣ ಹುಡುಗಿ ದನಿ ಅಂದಿಯಾ? ನಮ್ಮ ಮರಿಲಿಂಗಿ ದನಿ ಗಡಸು ಇತ್ತು. ಆಕಿ ಖೋ ಅಂದ್ರ ಎದಿ ನಡಗತಿತ್ತು."

"ನಾ ಕೇಳಿದ್ದು ಸಣ್ಣ ಹುಡುಗಿ ದನೀನೇ ಟೀಚರ್," ಎಂದಳು ಅಲ್ಮಾಸ.

ಕನ್ನಡಕದವಳು ಭುವನೇಶ್ವರಿ. ಮರಿಲಿಂಗಮ್ಮನಿಗೆ ಕುರ್ಚಿ ಬಿಟ್ಟು ಓಡಿಹೋಗಿ ಅವಳ ಕೊರಳು ತಬ್ಬಬೇಕೆನಿಸಿತು. ಆದರೆ ಅಲ್ಮಾಸಳ ಮಾತು ಅವಳನ್ನು ಎಬ್ಬಿಸಿ ಬೇರೆ ಕಡೆಗೆ ತಳ್ಳಿತು. ಆ ನಗುವ ದನಿಯನ್ನು ಅವಳು ಬಲ್ಲಳು. ಇಷ್ಟು ವರ್ಷ ಅಜ್ಜಿಯ ಮಾತು ಬರೀ ನಂಬಿಕೆಯಾಗಿತ್ತು. ಈಗ ಕೂಸು ಒಳಗಿದೆ ಎಂಬುದರಲ್ಲಿ ಅವಳಿಗೆ ಸಂಶಯ ಉಳಿಯಲಿಲ್ಲ.

ಜಿಮಖಾನಾದ ಮೆಟ್ಟಿಲ ಮೇಲೆ ಮೇಸ್ತ್ರಿ ದಸ್ತಗೀರಸಾಬ ಕೂತಿದ್ದ. ಬಿಳಿ ಗಡ್ಡದ ಮುದುಕ. ಅವಳು ಅವನ ಮುಂದೆ ನಿಂತು, "ನಾ ಮರಿಲಿಂಗಿ ಮನಿಯಾಕಿ," ಎಂದಳು.

ಸಂಗಣ್ಣ ಓಡಿಬಂದ. ಮಂದಿ ಸೇರಿತು. ಭುವನೇಶ್ವರಿಯೂ ಬಂದು ಎದುರಿಗೆ ನಿಂತಳು.

"ಆಕೀಗಿ ನೀವು ಏನಾಗಬೇಕ್ರಿ?" ಎಂದು ಕೇಳಿದಳು.

"ಅಕ್ಕ ಆಗಬೇಕ್ರಿ." ಸೆರಗಿನೊಳಗಿಂದ, ಆದಷ್ಟು ಸಣ್ಣ ದನಿಯಲ್ಲಿ.

"ಆಕಿ ಒಬ್ಬಾಕೀನೇ ಮಗಳು ಇದ್ಳಲ್ಲ."

"ಆಕಿ ದೊಡ್ಡಪ್ಪನ ಮಗಳ್ರಿ ನಾ." ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ದಸ್ತಗೀರಸಾಬ ಎದ್ದು ನಿಂತ. "ಅಮ್ಮಾ, ನಾ ಜಿಂದಗಿ ತುಂಬ ಗೋಡಿ ಕೆಡವೀನಿ. ಒಳಗ ಮಂದಿ ಇದ್ದ ಮನಿ ಯಾವ್ದು, ಖಾಲಿ ಮನಿ ಯಾವ್ದು ಅಂತ ಕೈಗೆ ಗೊತ್ತಾಗತೈತಿ. ಇದು ಖಾಲಿ ಇಲ್ಲ. ನಿಮ್ಮಲ್ಲಿ ಹ್ಯಾಂಗ ಕರೀತೀರಿ?"

"ಹೆಸರು ಹಿಡಿದು ಕರದು, ಮುಂದ ನಡೀತೀವ್ರಿ. ಹೊಳಿ ಮುಟ್ಟೂತನಕ ತಿರುಗಿ ನೋಡಂ‌ಗಿಲ್ಲ. ಯಾರು ಕರದ್ರೂ ತಿರುಗಂಗಿಲ್ಲ. ತಿರುಗಿದ್ರ ಆಕಿ ಹೊಳ್ಳಿ ಇಲ್ಲೇ ಬರ್ತಾಳ."

ಭುವನೇಶ್ವರಿ ಅದನ್ನು ಕೇಳುತ್ತ ಅವಳ ಕಾಲುಗಳನ್ನೇ ನೋಡುತ್ತಿದ್ದಳು. ಗುರುತು ಸಿಕ್ಕೀತೆಂದು ಮರಿಲಿಂಗಮ್ಮ ಸೀರೆಯ ಅಂಚನ್ನು ಕೆಳಕ್ಕೆ ಎಳೆದುಕೊಂಡು ಒಳಗೆ ಹೋದಳು.

ಒಳಗೆ ಅದೇ ತಂಪು, ಅದೇ ಸುಣ್ಣದ ಚೀಲದ ವಾಸನೆ. ಮೂಲೆಯಲ್ಲಿ ಖೋಖೋ ಕಂಬಗಳು ಒರಗಿದ್ದವು. ಗೋಡೆಯ ಮೇಲೆ ಹತ್ತೊಂಬತ್ತರ ಮರಿಲಿಂಗಿ. ನನ್ನನ್ನು ಬಿಟ್ಟು ಎಲ್ಲಿಗೆ ಹೋಗಿದ್ದೆ ಎಂದು ಕೇಳುವಂತಿತ್ತು ಆ ಮುಖ. ಫೋಟೊದ ಕೆಳಗಿನ ಅಂಗೈ ಗುರುತುಗಳಲ್ಲಿ, ಸೊಂಟದೆತ್ತರದಲ್ಲಿ, ಪುಟ್ಟ ಕೈಗಳ ಒಂದು ಸಾಲೇ ಇತ್ತು. ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಕ್ಕಿಲ್ಲ. ಅವಳು ಬಾಗಿ ಅದರ ಮೇಲೆ ಕೈಯಿಟ್ಟಳು. ಸುಣ್ಣ ಇನ್ನೂ ಹಸಿಯಾಗಿತ್ತು.

"ಮರಿಲಿಂಗಿ," ಎಂದಳು. ಗೋಡೆ ಮರಿಲಿಂಗಿ ಎಂದಿತು.

"ಮರಿಲಿಂಗಿ, ಏಳಬೇ. ಆಡಿದ್ದು ಸಾಕು. ಈ ಮನಿ ಬೀಳತೈತಿ. ಬಾ, ನಮ್ಮ ಮನಿಗಿ ಹೋಗೂನು."

ಗೋಡೆ ಈ ಸಲ ತಿರುಗಿ ಮಾತಾಡಲಿಲ್ಲ. ಫೋಟೊವನ್ನು ಇಳಿಸಿ ಎದೆಗವಚಿಕೊಂಡು ಅವಳು ಬಾಗಿಲ ಕಡೆಗೆ ಹೊರಳಿದಳು. ಬೆನ್ನ ಹಿಂದೆ ಕಲ್ಲಿನ ಮೇಲೆ ಬರಿಗಾಲಿನ ಸಪ್ಪಳ ಕೇಳಿಸಿತು. ಅವಳು ನಿಂತರೆ ಅದೂ ನಿಂತಿತು. ಹೊಸ್ತಿಲು ದಾಟಿ, ಮೆಟ್ಟಿಲಿಳಿದು, ಮಂದಿ ಬಿಟ್ಟ ದಾರಿಯಲ್ಲಿ ಮೈದಾನಕ್ಕೆ ಬಂದಳು. ಅಷ್ಟರಲ್ಲಿ ಬೆನ್ನ ನಡುವೆ ಒದ್ದೆಯಾದ ಪುಟ್ಟ ಕೈಯೊಂದು ಬಡಿಯಿತು.

"ಖೋ."

ಖೋ ಸಿಕ್ಕ ಮೇಲೆ ನಿಲ್ಲುವ ಹಾಗಿಲ್ಲ. ಮಂಡಿನೋವಿನ ಮರಿಲಿಂಗಮ್ಮ ಓಡಿದಳು. ಬಲಗೈಯಲ್ಲಿ ಫೋಟೊ, ಎಡಗೈಯಲ್ಲಿ ಗಾಳಿಗೆ ಹಾರುವ ಸೆರಗಿನ ತುದಿ. ಹಿಂದೆ ಬರಿಗಾಲುಗಳು ಪಟಪಟನೆ ಬರುತ್ತಿದ್ದವು.

ಆಗ ಭುವನೇಶ್ವರಿಯ ದನಿ ಬಂತು. "ಮರಿಲಿಂಗಿ."

ಎಡಗೈಯ ಆ ಹಿಡಿತವನ್ನು ಜಗತ್ತಿನಲ್ಲಿ ಅವಳೊಬ್ಬಳೇ ಬಲ್ಲವಳು. "ಮರಿಲಿಂಗಿ, ನೀನೇ ಹೌದಲ್ಲ. ಒಮ್ಮಿ ಈ ಕಡಿ ನೋಡಬೇ. ಒಮ್ಮಿ ನೋಡು."

ಇಡೀ ಬಾಳಿನಲ್ಲಿ ಮರಿಲಿಂಗಮ್ಮನಿಗೆ ಅಷ್ಟು ಕಷ್ಟ ಯಾವುದೂ ಆಗಿರಲಿಲ್ಲ. ಕತ್ತು ತಾನಾಗಿಯೇ ಹೊರಳಲು ಹವಣಿಸಿತು. ತಿರುಗಿದರೆ ಗೆಳತಿ ಸಿಗುತ್ತಾಳೆ, ಕೂಸು ಆ ಗೋಡೆಯ ಕೆಳಗೆ ಹೋಗುತ್ತದೆ. ಒಮ್ಮೆ ಬರೂ ಸಲ ಎಂದು ನಂಬಿಸಿ ಬಿಟ್ಟದ್ದಾಗಿತ್ತು, ಇನ್ನೊಮ್ಮೆ ಬಿಡಲಾರಳು. ಕಣ್ಣೀರು ಸುರಿಯುತ್ತಿದ್ದರೂ ಅವಳು ಗೇಟು ದಾಟಿ ನಡೆದೇ ನಡೆದಳು.

ಗಡ್ಡೆಯ ಕಡೆಗೆ ಹೋಗುವ ಕಕ್ಕೇರಾ ಬಸ್ಸಿನಲ್ಲಿ ಎರಡು ಜನರ ಸೀಟು ಖಾಲಿಯಿತ್ತು. ಅವಳು ಕಿಟಕಿಯ ಕಡೆಯ ಜಾಗ ಬಿಟ್ಟು ಈಚೆ ಕೂತಳು. ಕಂಡಕ್ಟರ್ ಬಂದಾಗ, "ಕಕ್ಕೇರಾ, ಇಬ್ಬರಿಗಿ," ಎಂದಳು. ಅವನು ಖಾಲಿ ಜಾಗವನ್ನು ನೋಡಿದ. ತೊಡೆಯ ಮೇಲಿನ ಹಾರದ ಫೋಟೊ ನೋಡಿದ. ಹೆಂಗಸರ ಪುಕ್ಕಟೆ ಟಿಕೀಟು ಎರಡು ಹರಿದುಕೊಟ್ಟ. ಕಿಟಕಿಯ ಗಾಜಿನ ಮೇಲೆ ಒಳಗಿನಿಂದ ಯಾರೋ ಉಸಿರು ಬಿಟ್ಟಂತೆ ದಾರಿಯುದ್ದಕ್ಕೂ ಮಂಜು ಕಟ್ಟುತ್ತಿತ್ತು, ಆರುತ್ತಿತ್ತು.

ಕಕ್ಕೇರಾದಿಂದ ಆಟೊ ಹಿಡಿದು ಅವಳು ಹೊಳೆ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಆಚೆ ಗಡ್ಡೆ ಕಾಣುತ್ತಿತ್ತು, ಅಪ್ಪ, ಕಾಕಾ, ಅಜ್ಜಿ ಎಲ್ಲರೂ ಮಣ್ಣಾದ ಗಡ್ಡೆ. ಅವಳು ನೀರಿನಂಚಿನ ಬಂಡೆಯ ಮೇಲೆ ಕೂತು, ಫೋಟೊದ ಹಾರ ತೆಗೆದು ನೀರಿಗೆ ಬಿಟ್ಟಳು.

"ಬಂತು ನೋಡು ಮನಿ," ಎಂದಳು. "ತಡ ಮಾಡಿದೆ ನಾ. ಸಿಟ್ಟಾಗಬ್ಯಾಡ."

ಪಕ್ಕದಲ್ಲಿ ನೀರಿನ ಸಪ್ಪಳವಾಯಿತು. ಉಸುಕಿನ ಮೇಲಿನ ಪುಟ್ಟ ಹೆಜ್ಜೆಗಳು ನೀರಿನತನಕ ಹೋಗಿ ಅಲ್ಲಿಗೇ ಮುಗಿದಿದ್ದವು. ಹಾರ ತಿರುಗುತ್ತ ಗಡ್ಡೆಯ ಕಡೆಗೆ ಸಾಗಿತು. ಅವಳು ಅದು ಮರೆಯಾಗುವತನಕ ನೋಡಿದಳು. ಬೆನ್ನ ಹಿಂದೆ ಈಗ ಕೂಸು ಇಲ್ಲವೆಂದು ಅವಳ ಮೈಗೆ ತಿಳಿಯಿತು. ತಿರುಗಬಹುದಾಗಿತ್ತು. ಆದರೆ ತಿರುಗಿ ನೋಡಲು ಇನ್ನು ಯಾರಿದ್ದಾರೆ ಎಂದುಕೊಂಡು ಹಾಗೆಯೇ ಕೂತಳು.

ಬೆನ್ನ ಮೇಲೆ ಕೈಯೊಂದು ಬಡಿಯಿತು. ಒದ್ದೆಯಾದ ಕೈಯಲ್ಲ, ಬೆಚ್ಚಗಿನ, ಬಳೆಯ ಕೈ.

"ಖೋ."

ಅತ್ತು ಅತ್ತು ಕಟ್ಟಿದ ದನಿ. ಬಸ್ಸಿನ ಹಿಂದಿನ ಸೀಟಿನಲ್ಲಿ, ಇನ್ನೊಂದು ಆಟೊದಲ್ಲಿ, ಉಸುಕಿನ ಮೇಲೆ ಅವಳ ಹೆಜ್ಜೆಯ ಹಿಂದೆ ತುಟಿ ಬಿಚ್ಚದೆ ಬಂದು ಭುವನೇಶ್ವರಿ ಅಷ್ಟು ಹೊತ್ತೂ ಅಲ್ಲೇ ನಿಂತಿದ್ದಳು.

ಮರಿಲಿಂಗಮ್ಮ ಎದ್ದಳು, ತಿರುಗಿದಳು. ಖೋ ಕೊಟ್ಟವಳು ಆ ಜಾಗದಲ್ಲಿ ಕೂಡಬೇಕು. ಭುವನೇಶ್ವರಿ ಬಂಡೆಯ ಮೇಲೆ ಕುಸಿದು ಕೂತು, ಫೋಟೊವನ್ನು ತೊಡೆಯ ಮೇಲಿಟ್ಟುಕೊಂಡಳು.

"ಮೂವತ್ತು ವರ್ಷ ನನ್ನ ಕುಂತಲ್ಲೇ ಕುಂದ್ರಿಸಿದೆಲ್ಲಬೇ," ಎಂದಳು.

ಖೋಖೋದಲ್ಲಿ ಮಗ್ಗುಲಿನವಳು ಯಾವಾಗಲೂ ವಿರುದ್ಧ ದಿಕ್ಕಿಗೆ ಮುಖ ಮಾಡಿ ಕೂತಿರುತ್ತಾಳೆ. ಮರಿಲಿಂಗಮ್ಮ ಸರಿದು ಜಾಗ ಮಾಡಿಕೊಂಡು, ಗೆಳತಿಯ ಪಕ್ಕದಲ್ಲಿ, ಅವಳು ನೋಡುತ್ತಿದ್ದ ಹೊಳೆಯ ಕಡೆಗೇ ಮುಖ ಮಾಡಿ ಕೂತಳು.